ಈ ಸಲ ಅಂಕ ಬೇಡ

ನಾಣ್ಯಗಳಿಗೆ ದರ್ಜೆ ಕೊಡುವ ಕಚೇರಿಯವರಿಗೆ ನಮಸ್ಕಾರ.

ಈ ಬೆಳ್ಳಿ ನಾಣ್ಯವನ್ನು ಮತ್ತೆ ಕಳಿಸುತ್ತಿದ್ದೇನೆ. ಮೊದಲ ಸಲ ಎಪ್ಪತ್ತಕ್ಕೆ ಅರವತ್ತನಾಲ್ಕು ಅಂಕ ಕೊಟ್ಟಿರಿ. ನೀವು ಸೀಲ್ ಮಾಡಿದ ಪ್ಲಾಸ್ಟಿಕ್ ಡಬ್ಬಿ ಒಡೆದು ಅದೇ ನಾಣ್ಯವನ್ನು ಇನ್ನೊಮ್ಮೆ ಕಳಿಸಿದರೆ ಅರವತ್ತೊಂದು. ನಾಣ್ಯ ನನ್ನ ಮೇಜಿನ ಮೇಲೆ ಸುಮ್ಮನೆ ಕೂತಿತ್ತು ಸ್ವಾಮಿ, ಅದೇನು ತಪ್ಪು ಮಾಡಿತು? ಇರಲಿ, ಜಗಳಕ್ಕೆಂದು ಬರೆಯುತ್ತಿಲ್ಲ.

ನಮ್ಮ ಮನೆಯಲ್ಲಿ ದರ್ಜೆ ಕೊಡುತ್ತಿದ್ದವಳು ನನ್ನ ಹೆಂಡತಿ. ಭೂತಗನ್ನಡಿ ಕೊಟ್ಟರೆ ಮುಟ್ಟುತ್ತಿರಲಿಲ್ಲ. ಒದ್ದೆ ಕೈ ಒರೆಸಿಕೊಂಡು ಬಂದು, ನಾಣ್ಯವನ್ನು ಕಿಟಕಿಯ ಬೆಳಕಿಗೆ ಹಿಡಿದು, "ಚೆನ್ನಾಗಿದೆ ಕಣ್ರೀ" ಅನ್ನುತ್ತಿದ್ದಳು. ಇಲ್ಲವೇ, "ಅಯ್ಯೋ, ಇದಕ್ಕೂ ದುಡ್ಡು ಸುರಿದ್ರಾ?" ಎಂದು ಬೈಯುತ್ತಿದ್ದಳು. ಒಮ್ಮೆ ಹೇಳಿದ್ದನ್ನು ಬದಲಾಯಿಸಿದವಳಲ್ಲ.

ಈ ನಾಣ್ಯ ಮನೆಗೆ ಬಂದದ್ದು ಅವಳು ಹೋದ ಮೇಲೆ. ಅಂಚಿಗೆ ಹತ್ತಿರುವ ನೀಲಿಯನ್ನು ನೀವು ಕಲೆ ಎಂದು ಬರೆದಿದ್ದೀರಿ. ನನಗೆ ಅದೇ ಚಂದ ಕಾಣುತ್ತದೆ, ಆದರೆ ಕೇಳೋಣವೆಂದರೆ ಇಲ್ಲಿ ಯಾರೂ ಇಲ್ಲ.

ಆದ್ದರಿಂದ ಈ ಸಲ ಅಂಕ ಬೇಡ, ಡಬ್ಬಿಯೂ ಬೇಡ. ನಿಮ್ಮಲ್ಲಿ ಯಾರಾದರೂ ಒಬ್ಬರು ಇದನ್ನು ಕಿಟಕಿಯ ಹತ್ತಿರ ಹಿಡಿದು ನೋಡಿ, ಚೆನ್ನಾಗಿದೆಯೋ ಇಲ್ಲವೋ, ಒಂದು ಮಾತು ಬರೆದು ಕಳಿಸಿ. ಬೈದರೂ ಪರವಾಗಿಲ್ಲ.

ಇಂತಿ,
ಅದೇ ನಾಣ್ಯದವನು