ನುಂಗದ ಮಾತ್ರೆಗೆ ಬಿದ್ದ ಮುದ್ರೆ

ಔಷಧ ವಿತರಣೆಯ ಮಾನ್ಯ ಅಧಿಕಾರಿಗಳೇ,

ನಿಮ್ಮ ದಾಖಲೆಯಲ್ಲಿ ನನ್ನ ಗಂಡ ಎವೇಲಿಯೊ ಆದರ್ಶ ರೋಗಿ. ಹೃದಯಾಘಾತವಾದ ಮೇಲೆ ಎರಡು ವರ್ಷ, ಕೊಲೆಸ್ಟ್ರಾಲ್ ಇಳಿಸುವ ಮಾತ್ರೆಯನ್ನು ಒಂದು ತಿಂಗಳೂ ತಪ್ಪದೆ ಪಡೆದಿದ್ದಾರೆಂದು ಅವರ ಔಷಧ ಕಾರ್ಡಿನ ತುಂಬ ನಿಮ್ಮ ಮುದ್ರೆಯಿದೆ. ಮುದ್ರೆ ಸುಳ್ಳಲ್ಲ. ಪಡೆದದ್ದು ನಾನು. ಅವರು ನುಂಗಲಿಲ್ಲ, ಅಷ್ಟೇ.

ಮೂರನೇ ತಿಂಗಳಲ್ಲೇ ಅವರು ತಕರಾರು ತೆಗೆದು ಮಾತ್ರೆ ಬಿಟ್ಟಿದ್ದರು. "ಏ ನಿಯೆವೆಸ್, ಆ ಮಾತ್ರೆ ತಗೊಂಡ್ರೆ ತೊಡೆ ಹಿಡ್ಕೊಳ್ಳುತ್ತೆ ಕಣೇ. ತಾರಸಿ ಹತ್ತೋಕಾಗ್ತಿಲ್ಲ. ನನ್ ಪಾರಿವಾಳಕ್ಕೆ ಕಾಳು ಹಾಕೋಕೆ ನಿನ್ ಡಾಕ್ಟ್ರು ಬರ್ತಾರಾ?"

ನಾನು ಡಾಕ್ಟರಿಗೆ ಹೇಳಲಿಲ್ಲ. ಹೇಳಿದರೆ ಕಾರ್ಡಿನಿಂದ ಮಾತ್ರೆಯನ್ನೇ ಹೊಡೆದುಹಾಕಿಬಿಟ್ಟರೆ? ಒಮ್ಮೆ ಹೋದದ್ದು ಮತ್ತೆ ಕಾರ್ಡಿಗೆ ಹತ್ತಬೇಕಾದರೆ ಪಡಬೇಕಾದ ಪಾಡು, ನಿಯಮ ಬರೆದ ನಿಮಗೆ ಗೊತ್ತಿಲ್ಲವೇ? ಹಾಗಾಗಿ ಔಷಧ ಬಂದಾಗಲೆಲ್ಲ ಅಂಗಡಿ ಮುಂದೆ "ಕೊನೇಲಿ ಯಾರಿದೀರಾ?" ಎಂದು ಕೇಳಿ ಸಾಲು ಹಿಡಿದೆ. ತಂದದ್ದನ್ನು ಎದುರುಮನೆಯ ಸೊರಾಯ್ದಾಗೆ ಕೊಟ್ಟೆ. ಅವಳದೂ ಅದೇ ಕಾಯಿಲೆ, ಅದೇ ಮಾತ್ರೆ. ಮಗಳ ಬಾಣಂತನಕ್ಕೆ ಹೋಗಿ ಎರಡು ತಿಂಗಳು ಔಷಧ ಒಯ್ಯದ ಅಪರಾಧಕ್ಕೆ ನೀವು ಅವಳ ಕಾರ್ಡನ್ನು ರದ್ದು ಮಾಡಿದ್ದಿರಿ. ಬದಲಿಗೆ ಅವಳು ಕಾಫಿಪುಡಿ ಕೊಡುತ್ತಿದ್ದಳು. ಆ ಕಾಫಿಯನ್ನು ಗಂಡನಿಗೂ ಕುಡಿಸಿ ನಾನೂ ಕುಡಿದೆ. ಬರೆಯಲು ನಾಚಿಕೆಯಾಗುತ್ತದೆ.

ಕಳೆದ ತಿಂಗಳು ಎರಡನೇ ಆಘಾತವಾಯಿತು. ಆಸ್ಪತ್ರೆಯ ವೈದ್ಯೆ ಕಾರ್ಡ್ ತಿರುವಿ ನೋಡಿ, "ಇಷ್ಟು ನಿಯತ್ತಾಗಿ ತಗೊಂಡೂ ಹೀಗಾಯ್ತಲ್ಲಮ್ಮಾ. ಇವ್ರಿಗೆ ಈ ಮಾತ್ರೆ ನಾಟೋದೇ ಇಲ್ಲ ಅನ್ಸುತ್ತೆ" ಎಂದು ನನ್ನ ಬೆನ್ನು ಸವರಿದರು. ಕುಂಬಳಕಾಯಿ ಕಳ್ಳ ಎಂದು ಯಾರೂ ಕೂಗದಿದ್ದರೂ ಎರಡು ದಿನ ನಾನೇ ಹೆಗಲು ಮುಟ್ಟಿ ನೋಡಿಕೊಂಡೆ. ಮೂರನೇ ದಿನ ಬಾಯಿಬಿಟ್ಟೆ.

"ಕಾಲು ನೋಯದ ಬೇರೆ ಮಾತ್ರೆ ಇತ್ತಲ್ಲಮ್ಮಾ. ಒಂದ್ ಮಾತು ಕೇಳ್ಬಾರ್ದಿತ್ತಾ?" ಎಂದರು. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ತಪ್ಪು ನನ್ನದು. ಆದರೆ "ಒಯ್ದಿರಾ?" ಎಂದು ಪ್ರತಿ ತಿಂಗಳು ಕೇಳಿದ ನಿಮ್ಮವರು, ನುಂಗಿದರೆ ಏನಾಗುತ್ತದೆಂದು ಒಮ್ಮೆಯಾದರೂ ಕೇಳಿದರೇ? ಕೇಳಿದ್ದರೂ ನಾನು ಸುಳ್ಳು ಹೇಳುತ್ತಿದ್ದೆನೇನೋ. ಆದರೂ ಮುದ್ರೆ ಒತ್ತುವ ಮುನ್ನ ಕೇಳಿಸಿ. ನಿಜ ಹೇಳಿದವರ ಕಾರ್ಡ್ ಕಿತ್ತುಕೊಳ್ಳಬೇಡಿ. ಸೊರಾಯ್ದಾಳ ಕಾರ್ಡನ್ನು ಈ ವಾರವೇ ಹಿಂತಿರುಗಿಸಿ. ಅವಳಿಗೆ ಕೊಡಲು ಇನ್ನು ನನ್ನ ಬಳಿ ಮಾತ್ರೆ ಉಳಿಯುವುದಿಲ್ಲ.

ಎವೇಲಿಯೊ ಈಗ ಹೊಸ ಮಾತ್ರೆಯನ್ನು ದಿನಾ ನುಂಗಿ, ನಾನು ಕೇಳದಿದ್ದರೂ ಬಾಯಿ ತೆರೆದು ತೋರಿಸುತ್ತಾರೆ. ತೊಡೆ ನೋಯುತ್ತಿಲ್ಲ. ತಾರಸಿ ಹತ್ತುವಷ್ಟು ಉಸಿರು ಮಾತ್ರ ಉಳಿದಿಲ್ಲ. ಪಾರಿವಾಳಗಳಿಗೆ ಕಾಳು ಹಾಕುತ್ತಿರುವುದು ನಾನು.

ಇಂತಿ,
ನಿಮ್ಮ ದಾಖಲೆಯಲ್ಲಿ ಒಮ್ಮೆಯೂ ತಪ್ಪದ
ನಿಯೆವೆಸ್
ಮತಾನ್ಸಾಸ್, ಕ್ಯೂಬಾ