ಹನ್ನೊಂದನೇ ಕೊರೆತದ ತಗಡಿನ ಪೆಟ್ಟಿಗೆಗಳು

ಖನಿಜ ಸಂಶೋಧನಾ ಸಂಸ್ಥೆಯ ಮಾನ್ಯ ನಿರ್ದೇಶಕರೇ,

ನೀವು ಕಲ್ಲು ಇಟ್ಟುಕೊಂಡು ಪೆಟ್ಟಿಗೆ ಮಾರಿದಿರಿ. ಇದನ್ನು ಅಜ್ಞಾನ ಎನ್ನಲೋ ದ್ರೋಹ ಎನ್ನಲೋ ಎಂದು ಎಂಟು ದಿನ ಯೋಚಿಸಿದೆ. ಶಿಲಾಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದವರಿಗೆ ಅಜ್ಞಾನದ ರಿಯಾಯಿತಿ ಸಿಗುವುದಿಲ್ಲ. ದ್ರೋಹ ಎಂದೇ ಬರೆಯುತ್ತಿದ್ದೇನೆ.

ಗರುಡಾಚಾರ್‌ಪಾಳ್ಯದ ನಿಮ್ಮ ಶೆಡ್ಡಿನಲ್ಲಿ ನಾನು ಇಪ್ಪತ್ತೆರಡು ವರ್ಷಗಳಿಂದ ದಿನಗೂಲಿ. ನೆಲ ಕೊರೆದು ತೆಗೆದ ಕೋಲಿನಂಥ ಕಲ್ಲುಗಳನ್ನು ಆಳದ ಕ್ರಮದಲ್ಲಿ ತಗಡಿನ ಪೆಟ್ಟಿಗೆಗೆ ಜೋಡಿಸಿ, ಎಷ್ಟನೇ ಮೀಟರ್ ಎಂದು ಪೆಟ್ಟಿಗೆಯ ಅಂಚಿನಲ್ಲಿ ಬರೆಯುವುದು ನನ್ನ ಕೆಲಸ. ಕಲ್ಲಿನ ಮೇಲೆ ಬರೆಯಕೂಡದು, ಪರೀಕ್ಷೆಗೆ ಬಣ್ಣ ತಾಗಬಾರದು ಎಂಬ ನಿಯಮ ನಿಮ್ಮದೇ. ಮುನ್ನೂರು ಕೋಟಿ ವರ್ಷಗಳ ಹಿಂದೆ ಕುದಿದು ಹರಿದ ಕಲ್ಲು ಅದು. ಆರುವ ಮುನ್ನ ಭಾರದ ಅದಿರು ತಳಕ್ಕೆ ಕೂತಿತು. ಯಾವುದು ಮೇಲೆ, ಯಾವುದು ಕೆಳಗೆ ಎಂಬುದು ಹೋದರೆ ಉಳಿಯುವುದು ಜಲ್ಲಿ. ಇದನ್ನು ನನಗೆ ಕಲಿಸಿದವರು ಯಾರು? ನೀವೇ ಅಲ್ಲವೇ?

ಹನ್ನೊಂದನೇ ಕೊರೆತ ಯಾದಗಿರಿ ಕಡೆಯ ನಮ್ಮೂರಿನದು. ಅಲ್ಲಿ ಹನ್ನೆರಡು ಮೀಟರ್ ದಪ್ಪ ನಿಕ್ಕಲ್ ಅದಿರಿದೆ ಎನ್ನುತ್ತದೆ ನಿಮ್ಮ ಹಳೆಯ ವರದಿ. ಅದನ್ನು ಹಿಡಿದು ಊರನ್ನೇ ಒಕ್ಕಲೆಬ್ಬಿಸಲು ಗಣಿ ಕಂಪನಿ ಅರ್ಜಿ ಹಾಕಿದೆ. ಸಂಶೋಧಕಿ ಸುಕನ್ಯ ಮೂರು ವರ್ಷ ಆ ಪೆಟ್ಟಿಗೆಗಳ ಮುಂದೆ ಕೂತು ಅಳೆದಳು. ಅದಿರು ಒಂದೇ ಒಂದು ಮೊಳ!

"ಸರಿಯಾಗಿ ನೋಡಮ್ಮ" ಎಂದೆ.

"ಮೂರ್ ಸಲ ನೋಡಿದೀನಿ ಶರಣಣ್ಣ. ಮಿಕ್ಕಿದ್ದೆಲ್ಲ ಬರೀ ಕಪ್ಪು ಕಲ್ಲು. ಇಷ್ಟಕ್ಕೆ ಊರ್ ಎಬ್ಬಿಸ್ತಾರಾ?"

ಕಂಪನಿಯ ಅರ್ಜಿ ಕೇಳುತ್ತಿರುವ ವಿಚಾರಣಾಧಿಕಾರಿಗೆ ಸುಕನ್ಯ ಕೊಟ್ಟ ಫೋಟೊ ಸಾಲಲಿಲ್ಲ. ಕಲ್ಲನ್ನೇ ಕ್ರಮವಾಗಿ ತಂದು ತೋರಿಸಿ ಎಂದರು.

ಅಷ್ಟರಲ್ಲೇ ಶೆಡ್ ಖಾಲಿ ಮಾಡುವ ಆದೇಶ ಬಂತು. ನಾವು ದಿನಗೂಲಿಗಳು ಬಾಗಿಲಲ್ಲಿ ಧರಣಿ ಕೂತೆವು. ನಾಲ್ಕನೇ ದಿನ ನೀವು ಬಂದಿರಿ, ನಮ್ಮ ಜೊತೆ ನೆಲದ ಮೇಲೆ ಕೂತು ಟೀ ಕುಡಿದಿರಿ. "ಒಂದು ಕಲ್ಲೂ ಈ ಕಾಂಪೌಂಡ್ ದಾಟಲ್ಲ ಶರಣಬಸವ ಅವ್ರೇ, ನಾನಿದೀನಿ" ಎಂದಿರಿ. "ಬರ್ದು ಕೊಡ್ಲಿ ಗುರು, ಬಾಯ್ಮಾತು ಬೇಡ" ಎಂದ ಜೊತೆಗಾರ ಮುನಿರಾಜಪ್ಪನನ್ನು ಗದರಿಸಿ ಕೂರಿಸಿದವನು ನಾನು. ಈ ಕೆಲಸಕ್ಕೆ ಸೇರುವ ಮುಂಚಿನಿಂದಲೂ, ಮೂವತ್ತು ವರ್ಷ ಘೋಷಣೆ ಕೂಗಿದ ನಾನು ಒಂದು ಲೋಟ ಟೀಗೆ ಕರಗಿ, ಶೆಡ್ಡಿನ ಕೀಲಿಯನ್ನು ಕೈಯಾರೆ ಕೊಟ್ಟೆ.

ನೀವು ಮಾತಿಗೆ ತಪ್ಪಿಲ್ಲ, ಭಲೇ! ಒಂದು ಕಲ್ಲೂ ದಾಟಿಲ್ಲ. ಎಲ್ಲವನ್ನೂ ಅಂಗಳಕ್ಕೆ ಸುರಿದು, ಪೆಟ್ಟಿಗೆಗಳನ್ನು ಮಾತ್ರ ಗುಜರಿಗೆ ಹಾಕಿದಿರಿ. ಹುಡುಕಿಕೊಂಡು ಶಿವಾಜಿನಗರಕ್ಕೆ ಹೋದೆ. ಗುಜರಿ ಅಂಗಡಿಯ ಮುನಾವರ್ ಸುತ್ತಿಗೆ ಕೆಳಗಿಟ್ಟ.

"ನಂಬರ್ ನೋಡಿ ನನಗೇ ಡೌಟ್ ಬಂತು ಭಾಯ್. ಆಫೀಸಿಗೆ ಫೋನ್ ಮಾಡ್ದೆ. ಡಬ್ಬಾ ತಾನೇ, ಬಡಿದು ಹಾಕಪ್ಪಾ ಅಂದ್ರು. ಏನಿತ್ತು ಇದ್ರಲ್ಲಿ, ಚಿನ್ನಾನಾ?"

"ಊರಿತ್ತು" ಎಂದೆ.

ಆತನಿಗೆ ಬಂದ ಅನುಮಾನ ನಿಮಗೆ ಬರಲಿಲ್ಲವೇ? ಅಥವಾ ಬಂದದ್ದರಿಂದಲೇ ಈ ಅವಸರವೇ?

ಭಿಕ್ಷೆ ಕೇಳುತ್ತಿಲ್ಲ. ಆ ರಾಶಿಯನ್ನು ಯಾರೂ ಮುಟ್ಟಕೂಡದು. ಮುರಿದ ಕಲ್ಲಿನ ಬಾಯಿಗೆ ಅದರ ಮುಂದಿನ ತುಂಡು ಮಾತ್ರ ಕೂರುತ್ತದೆ. ತಿಂಗಳುಗಟ್ಟಲೆ ಹಿಡಿದರೂ ಸರಿ, ಸುಕನ್ಯ ಮತ್ತು ನಾವು ಕೂತು ಜೋಡಿಸುತ್ತೇವೆ, ಗೇಟು ತೆರೆಯಿರಿ. ಸೋಮವಾರದ ವಿಚಾರಣೆಗೆ ಮುಂಚೆ, "ಕಲ್ಲುಗಳ ಕ್ರಮ ಹಾಳುಮಾಡಿದ್ದು ನಮ್ಮ ಸಂಸ್ಥೆ, ಹಳೆಯ ವರದಿಯನ್ನು ನಂಬಬೇಡಿ" ಎಂದು ವಿಚಾರಣಾಧಿಕಾರಿಗೆ ಸಹಿ ಹಾಕಿ ಕಳಿಸಿ. ಈ ಸಲ ಬರಹದಲ್ಲೇ ಬೇಕು.

ಊರಿನಿಂದ ಅಕ್ಕ ಭೀಮಬಾಯಿ ದಿನಾ ಫೋನ್ ಮಾಡುತ್ತಾಳೆ: "ಯಾಕೋ ತಮ್ಮಾ, ನಿನ್ನ ಕಲ್ಲು ನಮ್ಮ ಕಡಿ ಮಾತಾಡ್ತಾವ ಹೌದಿಲ್ಲೋ? ಮನಿ ಸುಣ್ಣಾ ಹಚ್ಚಲೇನು?"

ಹಚ್ಚು ಅಂದಿದ್ದೇನೆ.

ಇಂತಿ,
ಅಕ್ಕನಿಗೆ ನಿಜ ಹೇಳಲಾರದ ತಮ್ಮ,
ಶರಣಬಸವ
ಗರುಡಾಚಾರ್‌ಪಾಳ್ಯ