ಗೇಟಿನ ಹತ್ತಿರ ಇಟ್ಟು ಹೋಗಪ್ಪ

ನವೆಂಬರ್ ೨೮, ಸಂಜೆ

ರೆಕ್ಕೆಗಳ ಕೆಲಸ ಮುಗಿಯುವ ಹಾಗೆ ಕಾಣುತ್ತಿಲ್ಲ. ಚರ್ಚಿನ ಮಕ್ಕಳ ನಾಟಕದಲ್ಲಿ ಈ ಸಲ ದೇವದೂತರು ಜಾಸ್ತಿ, ಕುರುಬರು ಕಡಿಮೆ. ಎಲ್ಲ ತಾಯಂದಿರಿಗೂ ತಮ್ಮ ಮಗು ದೇವದೂತನೇ ಆಗಬೇಕು. ಕುರಿ ಕಾಯಲು ಯಾರೂ ತಯಾರಿಲ್ಲ. ಸಾಂತಾ ಕ್ಲಾಸ್‌ನ ಕೆಂಪು ಅಂಗಿ ಮಾತ್ರ ಮುಗಿಯಿತು. ಆರು ಗಂಟೆಗೇ ಕತ್ತಲೆ. ಲೈಟಿನಲ್ಲಿ ಹೊಲಿದು ಕಣ್ಣು ಉರಿ.

ಸೊಸೆ ಮಲಗಿದಲ್ಲೇ ಗುಂಡಿ ಹಾಕಿ ಕೊಡುತ್ತಾಳೆ. ಎದ್ದು ಓಡಾಡುವಂತಿಲ್ಲ, ಡಾಕ್ಟರ ಆಜ್ಞೆ. ಹಿಂದೆ ಎರಡು ಸಲ ಹೊಟ್ಟೆಯಲ್ಲಿ ನಿಲ್ಲಲಿಲ್ಲ... ಅದಕ್ಕೇ ಈ ಮನೆಯಲ್ಲಿ 'ಮಗು' ಎಂಬ ಮಾತು ಎತ್ತಕೂಡದೆಂದು ಕಟ್ಟಪ್ಪಣೆ ಮಾಡಿದ್ದೇನೆ. ದೃಷ್ಟಿ ಗಿಷ್ಟಿ ನಂಬುವವಳಲ್ಲ ನಾನು. ಆದರೂ ಬಾಯಿಗೆ ಬೀಗ ಇದ್ದರೆ ನಷ್ಟವೇನು. ಮಗ ಬೇರೆ ಮಾತು ಹುಡುಕಿದ — ಪಾರ್ಸಲ್. "ಪಾರ್ಸಲ್ ಒದೀತಾ ಇವತ್ತು?" ಅಂತ ಕೇಳಿಕೊಂಡೇ ಕೆಲಸಕ್ಕೆ ಹೋಗುತ್ತಾನೆ. ಜನವರಿ ಕೊನೆಗೆ ಡೆಲಿವರಿಯಂತೆ. ತಮಾಷೆಗೇನೂ ಕಡಿಮೆಯಿಲ್ಲ.

ಊರಿನ ಮಕ್ಕಳಿಗೆಲ್ಲ ಹೊಲಿಯುತ್ತೇನೆ. ಪಾರ್ಸಲ್‌ಗೆ ಒಂದು ಲಂಗೋಟಿಯನ್ನೂ ಹೊಲಿದಿಲ್ಲ. ಧೈರ್ಯ ಸಾಲದು.

ಡಿಸೆಂಬರ್ ೩

ಸೊಸೆಯನ್ನು ಅಡ್ಮಿಟ್ ಮಾಡಿಕೊಂಡರು. ಬಿಪಿ ಏರಿದೆ, ಕಾಲು ಬಾತಿದೆ. ಮಗ ರಜೆ ಹಾಕಿ ಅಲ್ಲೇ ಇದ್ದಾನೆ. ಹೊರಡುವಾಗ ಅವಳೇ ನನಗೆ ಸಮಾಧಾನ ಹೇಳಿದಳು.

"ಅತ್ತೆ, ಮುಖ ಹಾಗೆ ಮಾಡ್ಕೋಬೇಡಿ. ನಂಗೆ ಅಳು ಬರುತ್ತೆ."

ಭಯ. ಬರೆದೇ ಬಿಡುತ್ತೇನೆ, ಇಲ್ಲಿ ಯಾರು ಓದುತ್ತಾರೆ. ಯಜಮಾನರು ಕ್ರಿಸ್‌ಮಸ್ ನಕ್ಷತ್ರದ ಡಬ್ಬ ಅಟ್ಟದಿಂದ ಇಳಿಸಿದ್ದರು. ಈ ವರ್ಷ ಬೇಡ ಅಂದೆ. ವಾಪಸ್ ಏರಿಸಿದರು.

ಡಿಸೆಂಬರ್ ೬, ಸಂಜೆ

ಹೇಗೆ ಬರೆಯಲಿ. ನಗುವೂ ಬರುತ್ತಿದೆ, ಅಳುವೂ.

ಮಧ್ಯಾಹ್ನ ಚರ್ಚಿನ ಹಾಲ್‌ನಲ್ಲಿ ಮಕ್ಕಳಿಗೆ ರೆಕ್ಕೆ ಕಟ್ಟಿ ನೋಡುತ್ತಿದ್ದೆ. ಫೋನ್ ಮನೆಯಲ್ಲೇ ಬಿಟ್ಟಿದ್ದೆ. ವಾಪಸ್ ಬಂದರೆ ಯಜಮಾನರು ಆರಾಮಾಗಿ ಪೇಪರ್ ಓದುತ್ತಿದ್ದಾರೆ.

"ಯಾರಾದ್ರೂ ಫೋನ್ ಮಾಡಿದ್ರಾ?"

"ಹೂಂ. ನಿನ್ನ ಲೇಸು ಬಂತಂತೆ."

ರೆಕ್ಕೆಗೆ ತರಿಸಿದ ಲೇಸು. ಗೇಟಿಗೆ ಹೋದೆ, ಏನೂ ಇಲ್ಲ. ಹೂಕುಂಡಗಳ ಹಿಂದೆ ನೋಡಿದೆ. ಪಕ್ಕದ ಮನೆಯಲ್ಲಿ ಕೇಳಿದೆ. ಕೊರಿಯರ್ ಆಫೀಸಿಗೆ ಫೋನ್ ಮಾಡಿ ಜಗಳಕ್ಕೆ ನಿಂತೆ. "ನಾವಿನ್ನೂ ಕಳಿಸೇ ಇಲ್ಲಮ್ಮ" ಅಂದಳು ಅಲ್ಲಿಯ ಹುಡುಗಿ. ಕಳಿಸದೆ ಬಂತು ಅಂತ ಯಾಕೆ ಫೋನ್ ಮಾಡ್ತೀರಿ ಅಂತ ಇನ್ನೂ ನಾಲ್ಕು ಮಾತು ಬಿಗಿದೆ. ಪಾಪ.

ಅಷ್ಟರಲ್ಲಿ ಮಗ ಬಂದ. ಕಣ್ಣು ಕೆಂಪಗೆ, ತಲೆ ಕೆದರಿಕೊಂಡು.

"ಏನಪ್ಪಾ ನೀನು? ಪಾರ್ಸಲ್ ಬಂತು ಅಂದ್ರೆ, ಗೇಟಿನ ಹತ್ರ ಇಟ್ಟು ಹೋಗಪ್ಪ ಅಂತ ಫೋನ್ ಇಟ್ಟುಬಿಡೋದಾ?"

ಯಜಮಾನರ ಕಿವಿ ಮೊದಲೇ ಮಂದ. ಮಗನಿಗೋ ಅತ್ತು ಗಂಟಲು ಕಟ್ಟಿತ್ತು. ಹೆಸರು ನೋಡದೆ ನನ್ನ ಫೋನ್ ಎತ್ತಿದ ಇವರಿಗೆ ದನಿ ಗುರುತೇ ಸಿಕ್ಕಿಲ್ಲ. ಮತ್ತೆ ಮಾಡೋಣವೆಂದರೆ ಅವನ ಫೋನಿನ ಚಾರ್ಜ್ ಮುಗಿದಿತ್ತು. ಅತ್ತ ಅಷ್ಟೆಲ್ಲ ನಡೆಯುತ್ತಿದ್ದರೆ ಇತ್ತ ನಾನು ಹೂಕುಂಡ ಸರಿಸುತ್ತಿದ್ದೆ.

ತುರ್ತಾಗಿ ಆಪರೇಷನ್ ಆಯಿತಂತೆ. ಹೆಣ್ಣು. ತಿಂಗಳು ತುಂಬಿಲ್ಲ, ತೀರ ಸಣ್ಣದು, ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ. ಸೊಸೆ ಕ್ಷೇಮ.

"ಮಗು ಅತ್ತಿತಾ?" ಅಂದೆ. ನನ್ನ ಕಟ್ಟಪ್ಪಣೆಯನ್ನು ನಾನೇ ಗಾಳಿಗೆ ತೂರಿದೆ.

"ಅತ್ತಳಮ್ಮ. ಬೆಕ್ಕಿನ ಮರಿ ಥರ. ಆದ್ರೆ ಡಾಕ್ಟ್ರು ಈಗಲೇ ಏನೂ ಹೇಳಕ್ಕಾಗಲ್ಲ ಅಂತಾರೆ."

ಯಜಮಾನರು ಪೇಪರ್ ಮಡಿಸುತ್ತಲೇ ಇದ್ದರು. ಮಡಿಸಿ ಮಡಿಸಿ ಅಂಗೈಯಷ್ಟಾಯಿತು.

ಡಿಸೆಂಬರ್ ೮

ನೋಡಿದೆ. ಕಾಮಾಲೆಯಂತೆ, ನೀಲಿ ದೀಪದ ಕೆಳಗೆ ಮಲಗಿಸಿದ್ದಾರೆ. ಕಣ್ಣಿಗೆ ಪಟ್ಟಿ. ಎದೆ ಮಾತ್ರ ಏಳುತ್ತೆ, ಇಳಿಯುತ್ತೆ. ವಾರ್ಡಿನ ಆ ಮೂಲೆಯಲ್ಲಿ ಬೇರೆ ಬೆಳಕಿಲ್ಲ. ಗಾಜಿಗೆ ಮುಖ ಒತ್ತಿ ನಿಂತುಬಿಟ್ಟೆ. ಪ್ರಾರ್ಥನೆ ಮಾಡಲು ಹೋದರೆ ಬಾಯಿಗೆ ಬಂದದ್ದು ಒಂದೇ ಮಾತು. ಬಾ ಕಂದ, ಬಾ ಕಂದ... ಅಷ್ಟೇ.

ಡಿಸೆಂಬರ್ ೧೧

ನೀಲಿ ದೀಪ ತೆಗೆದರು. ಮಗುವಿಗೆ ಟೋಪಿ ಬೇಕು ಅಂದರು ನರ್ಸ್.

"ತಲೆ ತಣ್ಣಗಾಗಬಾರ್ದು ನೋಡಿ. ಅಂಗಡಿ ಟೋಪಿ ಹಾಕಿದ್ರೆ ಮೂಗಿನ ತನಕ ಬರುತ್ತೆ."

"ಅಳತೆ ಕೊಡಿ" ಅಂದೆ.

"ದೊಡ್ಡ ಕಿತ್ತಳೆ ಹಣ್ಣು ಅಂದ್ಕೊಳ್ಳಿ."

ಮಾರ್ಕೆಟ್ಟಿಗೆ ಹೋಗಿ ಕಿತ್ತಳೆ ಆರಿಸಿದೆ. ಹಣ್ಣಿನವನಿಗೆ ತಾಳ್ಮೆ ಕೆಟ್ಟಿತು. "ಸಿಹಿ ನೋಡ್ತಿದ್ದೀರಾ, ರಸ ನೋಡ್ತಿದ್ದೀರಾ?" "ತಲೆ ನೋಡ್ತಿದ್ದೀನಿ" ಅಂದೆ. ಇನ್ನೊಂದು ಬುಟ್ಟಿ ಮುಂದೆ ಸರಿಸಿದ.

ಸಾಂತಾನ ಅಂಗಿಯ ಫ್ಲಾನೆಲ್ ಮಿಕ್ಕಿತ್ತು, ಅಷ್ಟು ಮೆತ್ತನೆಯದು ಮನೆಯಲ್ಲಿ ಬೇರೆ ಇಲ್ಲ. ಬಣ್ಣ ಬಿಟ್ಟೀತೆಂದು ಒಗೆದು, ಮತ್ತೆ ಒಗೆದು, ಇಸ್ತ್ರಿಯಲ್ಲೇ ಒಣಗಿಸಿದೆ. ಒತ್ತಬಾರದೆಂದು ಹೊಲಿಗೆಯನ್ನು ಹೊರಮುಖಕ್ಕೆ ಬಿಟ್ಟೆ. ಕಿತ್ತಳೆಗೆ ತೊಡಿಸಿದರೆ ಸರಿಯಾಗಿ ಕೂತಿತು. ಇವಳಿಗೆ ನಾನು ಹೊಲಿದ ಮೊದಲ ಬಟ್ಟೆ.

ಡಿಸೆಂಬರ್ ೧೪

ಇವತ್ತು ಬರೆಯುವುದಿಲ್ಲ.

ಡಿಸೆಂಬರ್ ೧೭, ರಾತ್ರಿ

ಜೀವ ಬಾಯಿಗೆ ಬಂದಿತ್ತು. ಹದಿನಾಲ್ಕರಂದು ಇವಳು ಉಸಿರಾಡುವುದನ್ನೇ ಮರೆತಳಂತೆ. ನರ್ಸ್ ಅಂಗಾಲು ತಟ್ಟಿ ನೆನಪಿಸಿದರಂತೆ. ಮಾರನೆಯ ದಿನವೂ ಅದೇ ಕಥೆ. ಎರಡು ದಿನದಿಂದ ಮಾತ್ರ ಮರೆತಿಲ್ಲ. ಹಾಲು ಕುಡಿಯುತ್ತಿದ್ದಾಳೆ. ಸೊಸೆ ಎದೆಗೊತ್ತಿಕೊಂಡು ಕೂರುತ್ತಾಳೆ, ಗಂಟೆಗಟ್ಟಲೆ. "ಅತ್ತೆ, ಇವಳಿಗೆ ನಿಮ್ಮ ಸಿಟ್ಟೇ ಬಂದಿದೆ. ಹಾಲು ತಡವಾದ್ರೆ ಹುಬ್ಬು ಗಂಟು ಹಾಕ್ತಾಳೆ" ಅಂದಳು. ನನಗೆ ಎಷ್ಟು ಖುಷಿಯಾಯಿತೆಂದರೆ, ಸಿಟ್ಟು ಮಾಡಿಕೊಳ್ಳಲೂ ಮರೆತೆ.

ಮನೆಗೆ ಬಂದರೆ ಕಿಟಕಿಯಲ್ಲಿ ನಕ್ಷತ್ರ. ಯಜಮಾನರು ನನ್ನನ್ನು ಕೇಳದೆ ಕಟ್ಟಿದ್ದಾರೆ. ಏನಾದರೂ ಅನ್ನುತ್ತೇನೆಂದು ಕಾದರು. ಬೀದಿ ತುಂಬ ಕತ್ತಲೆ, ನಮ್ಮ ಕಿಟಕಿ ಮಾತ್ರ ಹಳದಿ. "ಸೊಟ್ಟಗಿದೆ" ಅಂದೆ. ನೆಟ್ಟಗೆ ಮಾಡಿದರು.

ಡಿಸೆಂಬರ್ ೨೧

ವಾರ್ಡಿನ ಬೇರೆ ತಾಯಂದಿರೂ ಟೋಪಿ ಕೇಳಿದರು. ಕೆಂಪು ಫ್ಲಾನೆಲ್ ಮುಗಿಯುವ ತನಕ ಹೊಲಿದೆ. ಇವತ್ತು ಎಲ್ಲ ಪೆಟ್ಟಿಗೆಗಳಲ್ಲೂ ಕೆಂಪು ತಲೆಗಳು. ಡಾಕ್ಟರ್ ರೌಂಡ್ಸಿಗೆ ಬಂದವರು ಬಾಗಿಲಲ್ಲೇ ನಿಂತರು.

"ಇದೇನು, ಸಾಂತಾ ಸಂಘನಾ?"

ನಕ್ಕರು. ಆಪರೇಷನ್ ದಿನದಿಂದ ಆ ಮನುಷ್ಯನ ಹಲ್ಲು ನೋಡಿದ್ದು ಇದೇ ಮೊದಲು. ಆಮೇಲೆ ನಮ್ಮ ಪೆಟ್ಟಿಗೆಯ ಹತ್ತಿರ ಬಂದು ಚಾರ್ಟ್ ನೋಡಿ, ಸೊಸೆಗೆ ಹೇಳಿದರು: "ತೂಕ ಏರ್ತಾ ಇದೆ. ಹೀಗೇ ಇದ್ರೆ ಹಬ್ಬಕ್ಕೆ ಮನೆಗೆ ಕರ್ಕೊಂಡು ಹೋಗಿ."

ಸೊಸೆ ನನ್ನ ಕೈ ಹಿಡಿದುಕೊಂಡಳು. ಇಬ್ಬರೂ ಅತ್ತೆವು. ನಾಚಿಕೆ ಗೀಚಿಕೆ ಏನೂ ಆಗಲಿಲ್ಲ. ಹೋದ ಜೀವ ಬಂದ ಹಾಗಾಯಿತು.

ಡಿಸೆಂಬರ್ ೨೪

ನಾಳೆ. ನಾಳೆ ಅಂದಿದ್ದಾರೆ. ಅಂಗಿ, ಹೊದಿಕೆ, ಕಾಲುಚೀಲ — ಹೊಲಿದದ್ದು ಹಾಸಿಗೆ ತುಂಬ ಹರಡಿದೆ. "ಒಂದು ಮಗುವಿಗೋ, ಅಂಗಡಿಗೋ?" ಅಂದರು ಯಜಮಾನರು. ಮಾತಾಡಲಿ, ಇವತ್ತು ಎಲ್ಲರಿಗೂ ಮಾಫಿ.

ಡಿಸೆಂಬರ್ ೨೫, ಮಧ್ಯಾಹ್ನ

ಬಂದಳು.

ಬೆಳಿಗ್ಗೆ ಆರಾಧನೆಯಲ್ಲಿ ಪಾಸ್ಟರ್ ಕತ್ತಲೆ, ಬೆಳಕು ಅಂತ ಒಳ್ಳೆಯ ಮಾತೇ ಆಡಿದರು. ನನ್ನ ಕಣ್ಣು ಗಡಿಯಾರದ ಮೇಲೆ. ಚಳಿ ಮೈ ಕೊರೆಯುತ್ತಿತ್ತು. ಕಾರಿನಿಂದ ಮನೆಯೊಳಗೆ ತರುವಾಗ ನಾಲ್ಕು ಜನರೂ ಅವಳ ಮೇಲೆ ಬಾಗಿ, ಒಬ್ಬರ ಕಾಲು ಒಬ್ಬರು ತುಳಿದುಕೊಂಡು ಬಂದೆವು. "ತಗೊಳ್ಳಿ ಅತ್ತೆ" ಅಂತ ಸೊಸೆ ನನ್ನ ಕೈಗೇ ಮೊದಲು ಕೊಟ್ಟಳು.

ಈಗ ಸೊಸೆ ನಿದ್ದೆ. ಮಗ ಕುರ್ಚಿಯಲ್ಲೇ ಗೊರಕೆ. ಕೇಕ್ ಇನ್ನೂ ಕತ್ತರಿಸಿಲ್ಲ. ಮಗು ನನ್ನ ಎಡತೋಳಿನಲ್ಲಿ, ಡೈರಿ ಮಂಡಿಯ ಮೇಲೆ. ಯಜಮಾನರು ಆಗಲೇ ಎರಡು ಸಲ ಸುಳಿದು ಹೋದರು. "ನಿನಗೆ ಕೈ ನೋಯಲ್ವಾ? ಇಲ್ಲಿ ಕೊಡು." ನೋಯುತ್ತಿದೆ. ಕೊಡುವುದಿಲ್ಲ.

ಮಗುವಿಗೆ ಎಚ್ಚರವಾಯಿತು. ನನ್ನನ್ನೇ ನೋಡುತ್ತಿದ್ದಾಳೆ... ಸಣ್ಣ ಕೈ ಹೊದಿಕೆಯಿಂದ ಹೊರಗೆ ಬಂತು. ಪೆನ್ನು ಹಿಡಿದ ಬೆರಳನ್ನೇ ಹಿಡಿದುಕೊಂಡುಬಿಟ್ಟಳು. ಏನು ಗಟ್ಟಿ ಹಿಡಿತ ಇವಳದು. ಬಿಡೇ ತಾಯಿ, ಇನ್ನೊಂದೇ ಸಾಲು, ಬರೆದು—